ತಿಕ್ಕಬ್ಯಾಡ್ರಿ, ಒತ್ರಿ

ಪುಣೆಯ ಕನ್ನಡಿಗರ ಒಂದು ವಾಟ್ಸಾಪ್ ಗುಂಪಿನಲ್ಲಿ ಹೋದ ವಾರ ನನ್ನ ಮಾವ ಆಗಬೇಕಿದ್ದವರು ತೀರಿಕೊಂಡ ಸುದ್ದಿ ಬಂತು. ಸುದ್ದಿಯ ಕೆಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಆಮೇಲೆ ನೆನಪುಗಳು ಸುರುವಾದವು. ಶಿಸ್ತಿನ ಮನುಷ್ಯ ಎಂದು ಒಬ್ಬರು ಬರೆದರು. ಕೈ ಇಟ್ಟ ಕೆಲಸವೆಲ್ಲ ಚೊಕ್ಕ ಎಂದು ಇನ್ನೊಬ್ಬರು. ಅವರ ಜೊತೆ ಕೆಲಸ ಮಾಡಿದ ಹಿರಿಯರೊಬ್ಬರು ಉದ್ದಕ್ಕೆ ಬರೆದಿದ್ದರು: ಒಂದು ಖಂಡೇನವಮಿಯ ದಿನ ಅವರು ತಮ್ಮ ಕಾರಿನ ಆರತಿಯನ್ನು ಗಂಡನಿಲ್ಲದ ಬೀಗಿತಿಯ ಕೈಯಿಂದ ಮಾಡಿಸಿದರು, ನಾವೆಲ್ಲ ಕಣ್ಣಾರೆ ಕಂಡೆವು, ಅಂಥ ದೊಡ್ಡ ಮನಸ್ಸು ಎಷ್ಟು ಮಂದಿಗಿರುತ್ತದೆ?

ಆ ಗಂಡನಿಲ್ಲದ ಹೆಂಗಸು ನನ್ನ ಅವ್ವ. ಬೀಗಿತಿ ಆಗುವವಳಿದ್ದಳು, ಆಗಲಿಲ್ಲ. ಆ ಹಿರಿಯರು ಕಂಡದ್ದನ್ನು ನಾನೂ ಕಂಡಿದ್ದೇನೆ, ಅವರಿಗಿಂತ ಹತ್ತಿರ ನಿಂತು. ಗುಂಪಿನಲ್ಲಿ ನಾನು ಏನೂ ಬರೆಯಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನಷ್ಟೇ ಕೇಳಬಯಸುವವರು ಇದನ್ನು ಮುಂದೆ ಓದಬೇಕಾಗಿಲ್ಲ.

ನನ್ನ ಮದುವೆ ಅವರ ಮಗನ ಜೊತೆ ಗೊತ್ತಾಗಿತ್ತು. ಅವರ ಊರು ಬೆಳಗಾವಿ ಕಡೆ, ನಮ್ಮದು ಧಾರವಾಡ. ಎರಡೂ ಮನೆಯವರು ಪುಣೆಗೆ ಬಂದು ಒಂದು ತಲೆಮಾರು ಕಳೆದಿತ್ತು. ಅವರದು ಕೋಥ್ರೂಡದಲ್ಲಿ ದೊಡ್ಡ ಫ್ಲ್ಯಾಟು, ನಮ್ಮದು ಕೊಂಢವಾದಲ್ಲಿ ಎರಡು ಕೋಣೆ. ನಾನು ಶಾಲೆಯಲ್ಲಿದ್ದಾಗಲೇ ಅಪ್ಪ ಹೋದ. ಅವ್ವ ಒಂದು ಔಷಧದ ಏಜೆನ್ಸಿಯಲ್ಲಿ ಗುಮಾಸ್ತಿಕೆ ಮಾಡಿ ನನ್ನನ್ನು ಎಂ.ಎ. ತನಕ ಓದಿಸಿದಳು. ಈ ಸಂಬಂಧ ಕೂಡಿ ಬಂದಾಗ ಅವಳು ರಾತ್ರಿ ನೆಟ್ಟಗೆ ನಿದ್ದೆ ಮಾಡತೊಡಗಿದಳು. ಅದನ್ನು ಕಂಡು ನನಗೂ ಸಮಾಧಾನವಾಗಿತ್ತು. ಹುಡುಗನನ್ನು ನಾನೂ ಮೆಚ್ಚಿದ್ದೆ. ಮೆದು ಮಾತಿನವನು, ಪುಸ್ತಕ ಓದುವವನು. ಅವನ ಹೆಸರು ಇಲ್ಲಿ ಬೇಡ, ಅವರ ಮಗ ಎಂದರೆ ಸಾಕು. ಅವನೂ ತನ್ನನ್ನು ಹಾಗೇ ತಿಳಿದುಕೊಂಡಿದ್ದ.

ಅವರನ್ನು ನಾನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕು. ಭೋಸರಿಯ ಒಂದು ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಂಡು ನಿವೃತ್ತರಾಗಿದ್ದರು. ಮೊದಲ ಸಲ ಅವರ ಕಾರಿನಲ್ಲಿ ಕೂಡುವ ದಿನ ನಾನು ನೀಲಿ ಜೀನ್ಸ್ ಹಾಕಿಕೊಂಡಿದ್ದೆ. ಹೊರಗೆ ಕಡುಗಪ್ಪು ಬಣ್ಣ, ಒಳಗೆ ಕೆನೆಬಣ್ಣದ ಲೆದರ್ ಸೀಟು. ಬಾಗಿಲಿಗೆ ಕೈ ಹಾಕಿದೆ.

"ಜೀನ್ಸ್ ಹೊಸಾದೇನವಾ?" ಎಂದರು.

"ಹೂಂ ರೀ ಕಾಕಾ."

"ಹಂಗಾರ ಒಂದ್ ನಿಮಿಷ ತಡಿ."

ಡಿಕ್ಕಿಯಿಂದ ಮಡಚಿಟ್ಟ ಬಿಳಿ ಟವೆಲು ತಂದು ಸೀಟಿನ ಮೇಲೆ ಹಾಸಿದರು. ಅಂಚು ಎಳೆದರು, ಸುಕ್ಕು ತೀಡಿದರು. "ಹೊಸಾ ಜೀನ್ಸಿನ ನೀಲಿ ಲೆದರಿಗೆ ಇಳೀತದ. ಒಮ್ಮೆ ಇಳೀತಂದ್ರ ಮುಗೀತು. ತಪ್ಪ ತಿಳ್ಕೋಬ್ಯಾಡ, ಹಾಂ? ಯಾರ ಬಂದ್ರೂ ನಾ ಹಿಂಗ ಮಾಡೂದು."

ನಾನು ತಪ್ಪು ತಿಳಿಯಲಿಲ್ಲ. ಹೇಳಿದ್ದು ನಿಜವೇ ಆಗಿತ್ತು. ಹಿಂದಿನ ಸೀಟಿನಲ್ಲಿ ಅವ್ವನ ತಲೆಯ ಹಿಂದೆಯೂ ಒಂದು ಸಣ್ಣ ಟವೆಲು ಬಂತು, ತಲೆಗೆಣ್ಣೆಗಾಗಿ. ಅವ್ವ ದಾರಿಯುದ್ದಕ್ಕೂ ಬೆನ್ನು ಆನಿಸದೆ ಕೂತಳು. ಮನೆಗೆ ಬಂದ ಮೇಲೆ, "ಎಷ್ಟ್ ಛಲೋ ಇಟ್ಟಾರ ನೋಡು ಗಾಡಿ," ಎಂದಳು.

ಛಲೋ ಇಟ್ಟಿದ್ದರು, ಅದರಲ್ಲಿ ಎರಡು ಮಾತಿಲ್ಲ. ಅವರ ರವಿವಾರದ ಮುಂಜಾನೆಗಳನ್ನು ನಾನು ಬಹಳ ಸಲ ನೋಡಿದ್ದೇನೆ. ಬಿಸಿಲು ಬೀಳುವ ಮೊದಲೇ ಪಾರ್ಕಿಂಗಿಗೆ ಇಳಿಯುತ್ತಿದ್ದರು, ಬಿಸಿ ತಗಡಿನ ಮೇಲೆ ನೀರು ಬಿದ್ದರೆ ಕಲೆ ಕೂಡುತ್ತದೆಂದು. ಎರಡು ಬಕೇಟು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಮೆತ್ತನೆಯ ಕೈಗವಸಿನಂಥ ಬಟ್ಟೆಯಿಂದ ಒಂದು ಬಾಗಿಲು ಒರೆಸಿದ ಮೇಲೆ ಅದನ್ನು ಬರೀ ನೀರಿನಲ್ಲಿ ಜಾಲಿಸಿಯೇ ಮತ್ತೆ ಶಾಂಪೂವಿನಲ್ಲಿ ಅದ್ದಬೇಕು. ಇಲ್ಲವಾದರೆ ಮೊದಲ ಬಾಗಿಲಿನ ಧೂಳು ಎರಡನೆಯ ಬಾಗಿಲನ್ನು ಗೀರುತ್ತದೆ. ಮೇಲಿನಿಂದ ಕೆಳಕ್ಕೆ ಬರಬೇಕು, ಚಕ್ರದ ಬಟ್ಟೆ ಬೇರೆ ಇರಬೇಕು. ಒಣಬಟ್ಟೆಯಿಂದ ಒರೆಸುವುದೆಂದರೆ ಅವರ ಪಾಲಿಗೆ ಪಾಪ. ಬೇಸಿಗೆಯಲ್ಲಿ ಸೊಸೈಟಿಗೆ ಬರುವ ಟ್ಯಾಂಕರ್ ನೀರು ಗಡಸು, ಒಣಗಿದಲ್ಲಿ ಬಿಳಿ ಉಂಗುರ ಬಿಡುತ್ತದೆ. ಹಾಗಾಗಿ ಕೊನೆಯ ಸುತ್ತಿಗೆ ಅಡುಗೆಮನೆಯ ಫಿಲ್ಟರಿನ ನೀರು. ಅದನ್ನು ತಂಬಿಗೆಗಳಲ್ಲಿ ತುಂಬಿ ಕಾಕು ಲಿಫ್ಟಿನಲ್ಲಿ ತರುತ್ತಿದ್ದರು. ತಂದು, ಕಾರಿನಿಂದ ದೂರ ಇಟ್ಟು, ಹಿಂದೆ ಸರಿಯುತ್ತಿದ್ದರು.

ಅವರ ಕೈಗಳು ಆ ಹೊತ್ತಿನಲ್ಲಿ ಚಂದ ಕಾಣುತ್ತಿದ್ದವು. ಇದನ್ನು ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ. ಉಗುರು ಒತ್ತಾಗಿ ಕತ್ತರಿಸಿದ್ದು, ಉಂಗುರ ಬಿಚ್ಚಿಟ್ಟದ್ದು, ಬೆರಳು ಚಾಚಿ ಬಾನೆಟ್ಟಿನ ಮೇಲೆ ಆಡಿಸಿ ಕಣ್ಣು ಮುಚ್ಚಿ ಧೂಳಿನ ಕಣದ ತರಿತರಿ ಹುಡುಕುವುದು. ನನ್ನ ಸ್ಕೂಟರಿಗೆ ಯಾರೋ ಎಳೆದ ಗೀರನ್ನು ಅವರೊಮ್ಮೆ ತಾವಾಗಿಯೇ ತೆಗೆದುಕೊಟ್ಟರು. ತಾಸುಗಟ್ಟಲೆ ಕೂತು, ಪಾಲಿಶ್ ಹಚ್ಚಿ, ಗುಂಡಗೆ ತಿರುವಿ, ಗೀರು ಎಲ್ಲಿತ್ತೆಂದು ನಾನೇ ಹುಡುಕುವ ಹಾಗೆ ಮಾಡಿದರು. ನನಗೆ ನಿಜವಾಗಿ ಖುಷಿಯಾಯಿತು. ಆಮೇಲೆ ಆ ಗೀರಿನ ಕತೆ ಬಂದ ನೆಂಟರಿಗೆಲ್ಲ ಗೊತ್ತಾಯಿತು. "ನಮ್ಮ ಸೊಸಿ ಗಾಡಿ ಹೆಂಗಿತ್ತು ಅಂತೀರಿ! ಹುಡಿಗೇರಿಗೆ ಹೊಡ್ಯಾಕ ಬರ್ತದ, ಇಡಾಕ ಬರಂಗಿಲ್ಲ." ಪ್ರತಿ ಸಲ ಹೇಳುವಾಗ ಗೀರು ಸ್ವಲ್ಪ ಉದ್ದವಾಗುತ್ತಿತ್ತು.

ಅವರ ಹತ್ತಿರ ಒಂದು ಸಣ್ಣ ಟಾರ್ಚು ಇತ್ತು. ತೊಳೆದು ಒಣಗಿಸಿದ ಮೇಲೆ ಅದನ್ನು ಬಣ್ಣಕ್ಕೆ ಒತ್ತಾಗಿ, ಓರೆಯಾಗಿ ಹಿಡಿಯುತ್ತಿದ್ದರು. ನೇರ ಬೆಳಕಿನಲ್ಲಿ ಕನ್ನಡಿಯಂತೆ ಕಾಣುವ ಬಾಗಿಲು ಓರೆ ಬೆಳಕಿನಲ್ಲಿ ಜೇಡರ ಬಲೆಯಂಥ ಸಣ್ಣ ಗೀರುಗಳಿಂದ ತುಂಬಿಹೋಗಿರುತ್ತಿತ್ತು.

"ನೆಟ್ಟಗ ನೋಡಿದ್ರ ಎಲ್ಲಾನೂ ಛಲೋನ ಕಾಣ್ತದ," ಎನ್ನುತ್ತಿದ್ದರು. "ಓರೆ ಹಿಡೀಬೇಕು. ಆವಾಗ ಗೊತ್ತಾಗ್ತದ ಮಾಲ್ ಹೆಂಗದ ಅಂತ."

ಮನುಷ್ಯರೊಂದಿಗೂ ಅವರ ಮಾತು ಹೀಗೇ ಓರೆಯಾಗಿ ಬರುತ್ತಿತ್ತು. ನಿಶ್ಚಯವಾದ ಹೊಸದರಲ್ಲಿ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ, ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿ, "ಪಾಪ. ಹಾರ್ಟ್ ಅಲ್ಲೇನ್ರಿ ವೈನಿ? ಅವರ ಅಪ್ಪಂದೂ ಹಂಗ ಆಗಿತ್ತೇನು?" ಎಂದರು. ಅವ್ವ ಹೌದೋ ಅಲ್ಲವೋ ಎನ್ನುವುದರೊಳಗೆ, "ಸುಮ್ಮ ಕೇಳಿದ್ನಿ ಬಿಡ್ರಿ," ಎಂದು ಚಕ್ಕುಲಿ ಮುರಿದರು. ನಾನು ಮೊದಲ ಕೆಲಸ ಬಿಟ್ಟದ್ದೇಕೆ, ನನ್ನ ಕನ್ನಡಕದ ನಂಬರು ಎಷ್ಟು, ಮನೆಯಲ್ಲಿ ನಾನು ಮಾತಾಡುವುದು ಕಡಿಮೆಯೋ ಅಥವಾ ಹೊರಗೆ ಮಾತ್ರ ಹಾಗೋ, ಎಲ್ಲ ಸುಮ್ಮನೆ ಕೇಳಿದ್ದೇ. ದನಿ ಎಂದೂ ಏರಿದ್ದಿಲ್ಲ. ಬೈಗಳು ಬಾಯಿಗೆ ಬಂದದ್ದಿಲ್ಲ. ಅವರ ಎದುರು ಕೂತವರಿಗೆ ಎಲ್ಲಿ ನೋವಾಯಿತೆಂದು ತೋರಿಸಲು ಒಂದು ಜಾಗವೇ ಸಿಗುತ್ತಿರಲಿಲ್ಲ.

ಅವರ ಸೊಸೈಟಿಯಲ್ಲಿ ವಿಠ್ಠಲ ಎನ್ನುವವರೊಬ್ಬರು ಮುಂಜಾನೆ ಎಲ್ಲರ ಕಾರು ಒರೆಸುತ್ತಿದ್ದರು. ಐವತ್ತು ದಾಟಿದ ಮನುಷ್ಯ. ಒಂದು ಬಕೇಟು, ಒಂದು ಹಳೆ ಬಟ್ಟೆ. ಕಾಕಾ ಅವರಿಗೆ ತಮ್ಮ ಕಾರು ಮುಟ್ಟಬಾರದೆಂದು ಹೇಳಿಟ್ಟಿದ್ದರು. ಯುಗಾದಿ ಪಾಡ್ಯದ ದಿನ ವಿಠ್ಠಲ ಮರೆತರೋ, ಹಬ್ಬವೆಂದು ಉಬ್ಬಿದರೋ, ಅದನ್ನೂ ಒರೆಸಿಬಿಟ್ಟರು. ನಾನು ಕಾಕುಗೆ ಹಬ್ಬದ ಸೀರೆ ಕೊಡಲು ಹೋಗಿದ್ದೆ. ಕಾಕಾ ಟಾರ್ಚು ಹಿಡಿದು ಬಾಗಿ ನಿಂತಿದ್ದರು.

"ಆಜ ಪಾಡವಾ ನಾ ಸಾಹೇಬ," ವಿಠ್ಠಲ ನಗುತ್ತಲೇ ಹೇಳುತ್ತಿದ್ದರು. "ಮ್ಹಟಲಂ ತುಮಚೀ ಪಣ ಪುಸಾವೀ." ಹಬ್ಬವಲ್ಲವೇ, ನಿಮ್ಮದೂ ಒರೆಸೋಣ ಅಂದುಕೊಂಡೆ ಎಂದರ್ಥ.

ಕಾಕಾ ಅವರ ಭುಜ ತಟ್ಟಿದರು. "ಬರಂ ಕೇಲಂತ," ಎಂದರು, ಒಳ್ಳೆಯದು ಮಾಡಿದಿರಿ. ಮನೆಗೆ ಕರೆದು ಶ್ರೀಖಂಡ ಕೊಡಿಸಿದರು. ಮರುದಿನ ಸೊಸೈಟಿಯ ಕಮಿಟಿಗೆ ಹೋಗಿ, ಒಂದೇ ಹೊಲಸು ಬಟ್ಟೆಯಿಂದ ಎಲ್ಲರ ಬಣ್ಣ ಹಾಳಾಗುತ್ತಿದೆ ಎಂದು ಟಾರ್ಚಿನ ಬೆಳಕಿನಲ್ಲಿ ಒಬ್ಬೊಬ್ಬರ ಕಾರನ್ನೂ ತೋರಿಸಿದರು. ಗೀರುಗಳು ಕಾಣದೆ ಇರುತ್ತವೆಯೇ? ಮುಂದಿನ ವಾರ ನಾನು ಹೋದಾಗ ಬೇರೆ ಯಾರೋ ಒರೆಸುತ್ತಿದ್ದರು. ಅವರ ಬಕೇಟೂ ಒಂದೇ, ಬಟ್ಟೆಯೂ ಒಂದೇ. ಆದರೆ ಅವರು ಕಾಕಾನ ಕಾರಿನ ಹತ್ತಿರ ಸುಳಿಯುತ್ತಿರಲಿಲ್ಲ.

ಇನ್ನು ಕಾಕು. ಅವರು ಬಾಗಿಲು ತೆರೆಯುವ ರೀತಿಯನ್ನು ನಾನು ಬಹಳ ದಿನಗಳ ಮೇಲೆ ಗಮನಿಸಿದೆ. ಕಾರಿನ ಹಿಡಿಯ ಹಿಂದೆ ಉಗುರಿನ ಗೀರು ಬೀಳುತ್ತದೆಂದು ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಉಳಿದ ಬೆರಳುಗಳ ತುದಿಮಾಂಸದಿಂದ ಎಳೆಯುತ್ತಿದ್ದರು. ಬಳೆ ತಾಗದಂತೆ ಇನ್ನೊಂದು ಕೈಯಿಂದ ಅವನ್ನು ಮೇಲಕ್ಕೆ ಸರಿಸಿಕೊಳ್ಳುತ್ತಿದ್ದರು. ಒಂದು ದಿನ ನಮ್ಮ ಮನೆಯಲ್ಲಿ ಅವ್ವ, "ಫ್ರಿಜ್ಜಿನ್ಯಾಗ ಮೊಸರದ, ತಗೀರಿ," ಎಂದಳು. ಕಾಕು ನಮ್ಮ ಹಳೆಯ, ತುಕ್ಕು ಹತ್ತಿದ ಫ್ರಿಜ್ಜಿನ ಬಾಗಿಲನ್ನೂ ಹೆಬ್ಬೆರಳು ಮಡಚಿ, ಬಳೆ ಸರಿಸಿ ತೆರೆದರು. ನಾನು ನೋಡಿದ್ದನ್ನು ಅವರು ಕಂಡರು.

"ರೂಢಿ ಆಗ್ಯದವಾ," ಎಂದು ನಕ್ಕರು.

ಕಾರಿನಲ್ಲಿ ಅವರು ಹೂ ಮುಡಿಯುತ್ತಿರಲಿಲ್ಲ. ಗುಡಿಯ ಪ್ರಸಾದ ಎಣ್ಣೆಯದಾದರೆ ಹೊರಗೇ ನಿಂತು ತಿನ್ನಬೇಕು. ಬ್ಯಾಗಿನ ಬಕಲು ಲೆದರಿಗೆ ತಾಗಬಾರದೆಂದು ಬ್ಯಾಗು ಸದಾ ತೊಡೆಯ ಮೇಲೆ. ಸೀಟಿಗೆ ತಿಂಗಳಿಗೊಮ್ಮೆ ಕ್ರೀಮು ಹಚ್ಚುವ ಕೆಲಸ ಮಾತ್ರ ಅವರಿಗೆ ಸೇರಿದ್ದಲ್ಲ, ಮಗನಿಗೂ ಸೇರಿದ್ದಲ್ಲ. ಕುರಕುಂಭದಲ್ಲಿ ರಸಾಯನದ ಕಾರ್ಖಾನೆ ಇಟ್ಟಿದ್ದ ಗೆಳೆಯರು ಕೊಟ್ಟ ಕ್ಲೀನರು, ಮೆತ್ತನೆ ಬ್ರಶ್ಶು, ಬೇರೆ ಬೇರೆ ಬಣ್ಣದ ಬಟ್ಟೆಗಳು, ಎಲ್ಲ ಒಂದು ಪೆಟ್ಟಿಗೆಯಲ್ಲಿ, ಬೀಗದೊಳಗೆ. "ಲೆದರ್ ಅಂದ್ರ ಚರ್ಮ. ಅದಕ್ಕ ರಂಧ್ರ ಇರ್ತಾವ. ಗೊತ್ತಿಲ್ಲದವರು ಕೈ ಹಚ್ಚಿದ್ರ ಕಲೆ ಹೋಗೂದಿಲ್ಲ, ಒಳಗ ಹೋಗ್ತದ," ಎನ್ನುತ್ತಿದ್ದರು. ಮಗ ಒಮ್ಮೆ ಚಹಾದ ಹನಿ ಬಿದ್ದದ್ದನ್ನು ಕರ್ಚೀಫಿನಿಂದ ಒರೆಸಲು ಹೋದಾಗ ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದ್ದನ್ನು ನಾನು ನೋಡಿದ್ದೇನೆ. ಮೂವತ್ತರ ಹತ್ತಿರದ ಮಗ. ಅವನು ಸಣ್ಣ ಹುಡುಗನಂತೆ ಕೈ ಹಿಂದೆ ಕಟ್ಟಿಕೊಂಡ.

ಅವರ ಮನೆಯಲ್ಲಿ ಖಂಡೇನವಮಿಯ ಪೂಜೆಗೂ ಒಂದು ಉಪಾಯವಿತ್ತು. ಕುಂಕುಮ ಬಣ್ಣಕ್ಕೆ ಹತ್ತುತ್ತದೆ, ಅರಿಸಿನ ಬಿಡುವುದಿಲ್ಲ. ಹಾಗಂತ ಪೂಜೆ ಬಿಡಲಾಗುತ್ತದೆಯೇ? ಬಾನೆಟ್ಟಿನ ನಡುವೆ ಒಂದು ಪಾರದರ್ಶಕ ಹಾಳೆ ಅಂಟಿಸುತ್ತಿದ್ದರು. ಅದರ ಮೇಲೆ ಕಾಕು ಸ್ವಸ್ತಿಕ ಬರೆದು, ಹೂವಿಟ್ಟು, ಆರತಿ ಎತ್ತಬೇಕು. ಬಂದವರು ಪೇಢೆ ತಿಂದು ಹೋದ ಮೇಲೆ ಅವರು ಹಾಳೆಯ ತುದಿ ಹಿಡಿದು, ಸ್ವಸ್ತಿಕ ಸಮೇತ, ನಿಧಾನಕ್ಕೆ ಸುಲಿದು ತೆಗೆಯುತ್ತಿದ್ದರು. ಇದನ್ನು ಅವರ ಮಗನೇ ನನಗೆ ನಗುತ್ತ ಹೇಳಿದ್ದ. ಆಗ ನಾನೂ ನಕ್ಕಿದ್ದೆ.

ತುಳಸಿ ಲಗ್ನ ಮುಗಿದ ಮೇಲೆ ನಮ್ಮ ಮದುವೆ ಎಂದಿತ್ತು. ಆ ವರ್ಷದ ಖಂಡೇನವಮಿಯ ಹಿಂದಿನ ದಿನ ಅವರು ಅವ್ವನಿಗೆ ಫೋನು ಮಾಡಿದರು. ಸ್ಪೀಕರ್ ಹಾಕಿದ್ದರಿಂದ ನಾನೂ ಕೇಳಿದೆ.

"ವೈನಿ, ನಾಳೆ ಗಾಡಿ ಆರತಿ ನೀವ ಮಾಡಬೇಕ್ರಿ."

"ನಾ ಹೆಂಗ್ರಿ?" ಎಂದಳು ಅವ್ವ.

"ಯಾಕ್ರಿ? ಇನ್ನೂ ಯಾ ಕಾಲದಾಗ ಇದ್ದೀರಿ? ನಾ ಅವೆಲ್ಲಾ ಮಾನ್ಯ ಮಾಡಂಗಿಲ್ಲ. ತಾಟು ನೀವ ಸಜ್ಜ ಮಾಡ್ಕೊಂಡು ಬರ್ರಿ. ನಾಕ ಮಂದಿ ನೋಡ್ಲಿ."

ಅಪ್ಪ ಹೋದ ಮೇಲೆ ಅವಳು ನಾಕು ಮಂದಿಯ ಎದುರು ಆರತಿ ತಾಟು ಹಿಡಿದದ್ದಿಲ್ಲ. ನೆಂಟರ ಮದುವೆಗಳಲ್ಲಿ ಆ ಹೊತ್ತಿಗೆ ಸರಿಯಾಗಿ ಅವಳಿಗೆ ಒಳಗೆ ಏನಾದರೂ ಕೆಲಸ ನೆನಪಾಗುತ್ತಿತ್ತು. ಮರುದಿನ ಮುಂಜಾನೆ ಅವಳು ಟ್ರಂಕಿನ ತಳದಿಂದ ಕಂಚಿನ ತಾಟು ತೆಗೆದು ಹುಣಸೆಹಣ್ಣಿನಿಂದ ತಿಕ್ಕಿದಳು. ತನ್ನ ತಾಯಿ ಮಾಡುತ್ತಿದ್ದ ಹಾಗೆ ಅರಿಸಿನದ ನೀರಿಗೆ ಸುಣ್ಣ ಕದಡಿ ಕೆಂಪು ನೀರು ಮಾಡಿ ಮುಚ್ಚಳದ ಡಬ್ಬಿಯಲ್ಲಿ ತುಂಬಿದಳು. ದೃಷ್ಟಿ ತೆಗೆಯುವ ನೀರು. ಹಸಿರು ರೇಶಿಮೆ ಸೀರೆ ಉಟ್ಟು, "ಭಾಳ ಗಾಢ ಆತೇನ ಬಣ್ಣ?" ಎಂದು ನನ್ನನ್ನು ಕೇಳಿದಳು. ಇಲ್ಲ, ಛಲೋ ಅದ ಎಂದೆ. ಅವಳು ಅಷ್ಟು ಚಂದ ಕಂಡದ್ದು ನನ್ನ ನೆನಪಿನಲ್ಲಿ ಕಡಿಮೆ.

ಪಾರ್ಕಿಂಗಿನಲ್ಲಿ ಜನ ಸೇರಿದ್ದರು. ಅವರ ಹಳೆಯ ಸಹೋದ್ಯೋಗಿಗಳು, ಸೊಸೈಟಿಯವರು, ಕನ್ನಡದ ನಾಲ್ಕಾರು ಮನೆಗಳು. ಕಾರು ಮಿರಿಮಿರಿ ಮಿಂಚುತ್ತಿತ್ತು. ಚಾಲಕನ ಕಡೆಯ ಬಾಗಿಲು ತೆರೆದಿಟ್ಟಿದ್ದರು. ಕಾಕಾ ಗಂಟಲು ಸರಿಮಾಡಿಕೊಂಡು, "ಈ ಸಲ ಆರತಿ ನಮ್ಮ ಬೀಗ್ತ್ಯಾರು ಮಾಡ್ತಾರ," ಎಂದರು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಕಾಕಾ ತಲೆ ಬಾಗಿಸಿ ಅದನ್ನು ತೆಗೆದುಕೊಂಡರು.

ಅವ್ವನಿಗೆ ಪಾರದರ್ಶಕ ಹಾಳೆಯ ಸುದ್ದಿ ಗೊತ್ತಿರಲಿಲ್ಲ. ಹಾಳೆ ಕಣ್ಣಿಗೆ ಕಾಣುವಂಥದ್ದೂ ಅಲ್ಲ. ಅವಳು ಕುಂಕುಮದ ಬೊಟ್ಟನ್ನು ಅದರ ಪಕ್ಕಕ್ಕೆ, ಬಣ್ಣದ ಮೇಲೇ ಇಟ್ಟಳು. ಕಾಕಾನ ಮುಖದಲ್ಲಿ ಏನೂ ಕಾಣಲಿಲ್ಲ. ಅವ್ವ ಆರತಿ ಎತ್ತಿ ಇಳಿಸಿದಳು. ಕೆಂಪು ನೀರು ಸುರಿದ ತಾಟನ್ನು ಎಡಗೈಯಲ್ಲಿ ಹಿಡಿದು, ಸ್ಟೇರಿಂಗಿಗೂ ಒಂದು ಬೊಟ್ಟಿಡಬೇಕೆಂದು ತೆರೆದ ಬಾಗಿಲಿನಿಂದ ಒಳಕ್ಕೆ ಬಾಗಿದಳು. ಇಷ್ಟು ವರ್ಷಗಳ ಮೇಲೆ ಹಿಡಿದ ತಾಟು. ತಾಟು ವಾಲಿತು. ನೀರು ಜಾರಿ ಕೆನೆಬಣ್ಣದ ಸೀಟಿನ ಮೇಲೆ ಹರಿಯಿತು.

"ಅಯ್ಯ!" ಎಂದಳು ಅವ್ವ.

"ಏನಾಗಿಲ್ಲ, ಏನಾಗಿಲ್ಲ," ಎಂದರು ಕಾಕಾ. ನಗುತ್ತಿದ್ದರು. ಮಗನಿಗೆ ಕೀಲಿ ಕೊಟ್ಟು ಪೆಟ್ಟಿಗೆ ತರಿಸಿದರು. ಬಿಳಿ ಬಟ್ಟೆಯೊಂದನ್ನು ಆರಿಸಿ, ಕ್ಲೀನರಿನಿಂದ ತುಸು ಒದ್ದೆ ಮಾಡಿ, ಅವ್ವನ ಕೈಯಲ್ಲಿಟ್ಟರು.

"ನೀವ ಮಾಡ್ರಿ ವೈನಿ."

ಅವ್ವ ತಾಟನ್ನು ನನ್ನ ಕೈಗೆ ಕೊಟ್ಟು, ಗಡಿಬಿಡಿಯಿಂದ ಸೀಟು ಉಜ್ಜತೊಡಗಿದಳು.

"ಹಾಂ ಹಾಂ. ತಿಕ್ಕಬ್ಯಾಡ್ರಿ, ಒತ್ರಿ. ಹೊರಗಿಂದ ಒಳಗ ಬರ್ರಿ. ಹಂಗ. ಅಲ್ಲೇ ಹೊಲಿಗಿ ಸಂದ್ಯಾಗ ಇಳದದ ನೋಡ್ರಿ. ಕುಂದ್ರಿ ಬೇಕಾದ್ರ. ಕೂತ ಮಾಡ್ರಿ."

ಅವ್ವ ಪಾರ್ಕಿಂಗಿನ ನೆಲದ ಮೇಲೆ ಮೊಳಕಾಲೂರಿದಳು. ರೇಶಿಮೆ ಸೆರಗು ಕೆಂಪು ನೀರಿನಲ್ಲಿ ಬಿತ್ತು. ಕಾಕಾ ಹಿಂದೆ ನಿಂತು ಟಾರ್ಚನ್ನು ಓರೆಯಾಗಿ ಹಿಡಿದಿದ್ದರು. ಜನ ಪೇಢೆ ಕೈಯಲ್ಲಿ ಹಿಡಿದು ಸುತ್ತ ನಿಂತಿದ್ದರು.

"ಬೀಗ್ತ್ಯಾರದು ಟ್ರೇನಿಂಗ್ ಈಗಿಂದನ ಸುರು ಆತಲ್ರಿ!" ಎಂದರು ಒಬ್ಬರು. ನಗೆ ಎದ್ದಿತು. ಕಾಕಾನೂ ಮೆಲ್ಲಗೆ ನಕ್ಕರು.

ಕಾಕು ಮುಂದೆ ಬಂದರು. "ಬಿಡ್ರಿ, ನಾ ಮಾಡ್ತೀನಿ."

"ನೀ ಸುಮ್ನಿರು. ಅವರು ಮಾಡ್ಲಿಕತ್ತಾರಲ್ಲ."

ಅವರ ಮಗ ಕ್ಲೀನರಿನ ಬಾಟಲಿ ಹಿಡಿದು ಪಕ್ಕದಲ್ಲಿದ್ದ. ನಾನು ಅವನನ್ನು ನೋಡಿದೆ. ಅವನು ಬಾಟಲಿಯ ಮೇಲಿನ ಅಕ್ಷರ ಓದುತ್ತಿದ್ದ. ನಾನು ಬಾಗಿ ಅವ್ವನ ತೋಳು ಹಿಡಿದು, "ಅವ್ವಾ, ಏಳು," ಎಂದೆ.

"ಇರು," ಎಂದಳು ಅವ್ವ, ತಲೆ ಎತ್ತದೆ. "ಇನ್ನೊಂದೀಟ ಉಳದದ."

ಕಾಕಾ "ಹಾಂ, ಸಾಕ್ರಿ" ಎನ್ನುವ ತನಕ ಅವಳು ಏಳಲಿಲ್ಲ.

ಊಟದಲ್ಲಿ ಅವರೇ ಅವ್ವನಿಗೆ ಹೋಳಿಗೆ ಬಡಿಸಿದರು, ತುಪ್ಪ ಹಾಕಿದರು, ಒತ್ತಾಯ ಮಾಡಿದರು. ಕೈ ತೊಳೆಯುವಾಗ ಆ ಹಿರಿಯ ಸಹೋದ್ಯೋಗಿ ನನ್ನ ಹತ್ತಿರ ಬಂದು, "ಪುಣ್ಯ ಮಾಡಿದ್ದಿ ತಂಗಿ, ಇಂಥಾ ಮಾವ ಸಿಗಬೇಕಂದ್ರ," ಎಂದರು. ಹೊರಡುವಾಗ ಕಾಕಾ ಮನೆ ತನಕ ಬಿಟ್ಟುಬರುತ್ತೇನೆಂದರು. ನಾನು ರಿಕ್ಷಾ ಕರೆದೆ. ದಾರಿಯಲ್ಲಿ ಅವ್ವ ಒದ್ದೆ ಸೆರಗನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು, "ತಪ್ಪ ನಂದ ಅಲ್ಲ? ಅಷ್ಟ್ ತುಟ್ಟಿ ಸೀಟು," ಎಂದಳು.

ಆ ರಾತ್ರಿ ನಾನು ಅವರ ಮಗನಿಗೆ ಫೋನು ಮಾಡಿದೆ.

"ಅಪ್ಪಾ ಅಂದ್ರ ಹಂಗನ," ಎಂದ. "ಮನಸಿನ್ಯಾಗ ಏನೂ ಇರಂಗಿಲ್ಲ. ಗಾಡಿ ಅಂದ್ರ ಸ್ವಲ್ಪ ಹುಚ್ಚು."

"ಗಾಡಿ ಹುಚ್ಚಿದ್ದವರು ಆ ಬಟ್ಟಿ ನಮ್ಮವ್ವನ ಕೈಯಾಗ ಕೊಡ್ತಿದ್ದಿಲ್ಲ."

"ಅಂದ್ರ?"

ಅವನಿಗೆ ತಿಳಿಯಲಿಲ್ಲ. ನಾನು ಬಿಡಿಸಿ ಹೇಳಲಿಲ್ಲ. ಈ ಮದುವೆ ನನ್ನಿಂದಾಗುವುದಿಲ್ಲ ಎಂದಷ್ಟೇ ಹೇಳಿದೆ. ಅವನು ಅಪ್ಪನಿಗೆ ಫೋನು ಕೊಡಲೇ ಎಂದು ಕೇಳಿದ.

ಅವ್ವ ನನ್ನ ಜೊತೆ ಜಗಳವಾಡಿದಳು. ನಾವು ಜಗಳವಾಡುವ ಮಂದಿಯಲ್ಲ, ಆದರೆ ಅಂದು ಆಡಿದೆವು. "ನನಗ ಏನೂ ಆಗಿಲ್ಲ," ಎಂದಳು. "ಬಗ್ಗಿ ಒರೆಸಿದ್ರ ಸವೀತೀನೇನು? ನಿನ್ನ ಬಾಳ್ವಿ ನನ್ನ ಸಲುವಾಗಿ ಕೆಡಸ್ಕೋಬ್ಯಾಡ. ಮಂದಿ ಏನಂದಾರು? ಲಗ್ನಪತ್ರಿಕಿ ಬರ್ಸೂ ಹೊತ್ತು." ಮುಂಜಾನೆ ಎದ್ದಾಗ ಅವಳ ಕಣ್ಣು ಕೆಂಪಾಗಿದ್ದವು. ಮತ್ತೆ ನಿದ್ದೆ ಬಿಟ್ಟಿದ್ದಳು. ನಾನು ಮಾಡುತ್ತಿರುವುದು ಅವಳಿಗಾಗಿ ಎಂದುಕೊಂಡಿದ್ದೆ, ಆದರೆ ಅವಳಿಗೆ ಅದು ಬೇಕಿರಲಿಲ್ಲ. ಅವಳು ಅತ್ತು ಕೇಳಿದ್ದರೆ ಬಹುಶಃ ನಾನು ಒಪ್ಪಿಬಿಡುತ್ತಿದ್ದೆ. ಅಷ್ಟರ ಮಟ್ಟಿಗೆ ನನ್ನ ಮನಸ್ಸು ತೂಗಾಡುತ್ತಿತ್ತು.

ಅಂದು ದಸರೆ. ಸಂಜೆ ನಮ್ಮ ಕಡೆಯವರೆಲ್ಲ ಬನ್ನಿ ಎಲೆ ಹಿಡಿದು ಮನೆ ಮನೆಗೆ ಹೋಗುತ್ತಾರೆ. ಬಂಗಾರವೆಂದು ಕೊಟ್ಟು, ತೆಗೆದುಕೊಂಡು, ಹಳೆಯ ಮನಸ್ತಾಪ ಅಲ್ಲಿಗೆ ಮುಗಿಯಿತೆಂದು ತಿಳಿಯಬೇಕು. ಅವರು ಮೂವರೂ ಬಂದರು. ನಮ್ಮ ಓಣಿಯಲ್ಲಿ ಕಟ್ಟಡದ ಕೆಲಸ ನಡೆದು ಸಿಮೆಂಟಿನ ಧೂಳು ಹಾರುತ್ತಿತ್ತು, ಹಾಗಾಗಿ ಕಾರನ್ನು ದೂರ ನಿಲ್ಲಿಸಿ ನಡೆದು ಬಂದಿದ್ದರು. ಕಾಕಾ ಕೂತ ಕೂಡಲೇ ಮಾತಿಗೆ ಬಂದರು.

"ನಾ ಏನ್ ಬೈದ್ನೇನವಾ? ದನಿ ಏರ್ಸಿದ್ನೇನು? ನಾಕ ಮಂದಿ ಮುಂದ ನಿಮ್ಮವ್ವಗ ಮಾನಾ ಕೊಟ್ನಿ. ಯಾರ್ ಕೊಟ್ಟಿದ್ರು ಇಲ್ಲೀತನಕ? ಸಣ್ಣ ಮಾತಿಗೆ ಮದುವಿ ಮುರೀತಾರೇನು?"

"ಕಾಕಾ, ಆ ಸೀಟು ಒರಸಾಕ ನೀವು ಯಾರಿಗೂ ಕೊಡಂಗಿಲ್ಲ," ಎಂದೆ. "ಕಾಕುಗ ಕೊಡಂಗಿಲ್ಲ. ಮಗಗ ಕೊಡಂಗಿಲ್ಲ. ಗೊತ್ತಿಲ್ಲದವರು ಕೈ ಹಚ್ಚಿದ್ರ ಕಲೆ ಒಳಗ ಹೋಗ್ತದಂತ ನೀವ ಹೇಳ್ತೀರಿ. ನಮ್ಮವ್ವಗ ಯಾಕ ಕೊಟ್ರಿ?"

ಒಂದು ಕ್ಷಣ ಉತ್ತರ ಅವರ ಕಣ್ಣಿನಲ್ಲಿ ನನಗೆ ಚೆನ್ನಾಗಿಯೇ ಕಂಡಿತು. ಸೀಟು ಹಾಳಾದರೂ ಅಡ್ಡಿಯಿಲ್ಲ, ಇನ್ನು ಮುಂದೆ ಯಾರು ಎಲ್ಲಿ ಕೂಡಬೇಕೆಂಬುದು ನಾಕು ಮಂದಿಯ ಎದುರೇ ಗೊತ್ತಾಗಲಿ ಎನ್ನುವಷ್ಟು ಮುಖ್ಯವಾಗಿತ್ತು ಅವರಿಗೆ ಅದು. ಕಾಕು ನೆಲ ನೋಡುತ್ತ ಕೂತಿದ್ದರು. ಮಗ ನನ್ನನ್ನು ನೋಡುತ್ತಿದ್ದ, ಮೊದಲ ಸಲ ಏನೋ ತಿಳಿದವನ ಹಾಗೆ. ಆಮೇಲೆ ಅಪ್ಪನ ಕಡೆ ತಿರುಗಿದ.

ಕಾಕಾ ನನ್ನನ್ನು ಬಿಟ್ಟು ಅವ್ವನ ಕಡೆ ತಿರುಗಿದರು. ಅಲ್ಲಿ ತಾವು ಗೆಲ್ಲುತ್ತೇವೆಂದು ಅವರಿಗೆ ಖಾತ್ರಿಯಿತ್ತು. ನನಗೂ ಹಾಗೇ ಅನ್ನಿಸಿತು.

"ಹುಡುಗಿ ಮಾತು ಬಿಡ್ರಿ, ಸಣ್ಣಾಕಿ. ನೀವ ಹೇಳ್ರಿ ವೈನಿ, ದೇವರ ಮುಂದ ಕೂತು ಹೇಳ್ರಿ. ನಿಮಗ ಬ್ಯಾಸರ ಆತೇನು?"

ಅವ್ವ ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಿನ್ನೆಯಿಂದ ನನಗೆ ಇಲ್ಲ ಇಲ್ಲ ಎನ್ನುತ್ತಲೇ ಬಂದವಳು. ಅವಳು ತಟ್ಟೆಯನ್ನು ಟೀಪಾಯಿಯ ಮೇಲಿಟ್ಟಳು. ಕಪ್ಪುಗಳನ್ನು ಒಂದೊಂದಾಗಿ ಅವರವರ ಮುಂದಿಟ್ಟಳು.

"ಹೌದ್ರಿ," ಎಂದಳು. "ಆತ್ರಿ."

ಕಾಕಾ ನಗಲು ನೋಡಿದರು. ಅದು ಆಗಲಿಲ್ಲ.

"ಹಂಗಾರ ಈಗ ಏನ ಮಾಡೂದ್ರಿ?" ಎಂದರು.

"ಚಾ ಕುಡೀರಿ," ಎಂದಳು ಅವ್ವ. "ಕುಡದು ಹೋಗ್ರಿ."